ಜಕಾರ್ತಾದ ಮೊಟ್ಟೆ

ನಮ್ಮ ಗಲ್ಲಿಯಲ್ಲಿ ಯಾರೂ ಯಾರನ್ನೂ ‘ಹೇಗಿದ್ದೀರಿ?’ ಎಂದು ಕೇಳುವುದಿಲ್ಲ. ‘ಎಲ್ಲಿಗೆ?’ ಎಂದು ಕೇಳುತ್ತಾರೆ. ಕಸದ ಬುಟ್ಟಿ ಹಿಡಿದು ಹೊಸ್ತಿಲು ದಾಟಿದರೂ ‘ಎಲ್ಲಿಗೆ?’, ಮೋಡ ಕವಿದಿದೆಯೇ ಎಂದು ನೋಡಲು ಅಂಗಳಕ್ಕೆ ಇಳಿದರೂ ‘ಎಲ್ಲಿಗೆ?’. ಕೇಳುವವರಲ್ಲಿ ಕೆಟ್ಟ ಬುದ್ಧಿ ಇಲ್ಲ, ಬರೀ ಪ್ರೀತಿ. ತೊಂದರೆ ಇರುವುದೆಲ್ಲ ಉತ್ತರ ಕೊಡುವುದರಲ್ಲಿ.

ಪರವೂರಿನ ಹೆಸರು ಬಾಯಿಂದ ಜಾರಿತೋ, ಸಂಜೆಯೊಳಗೆ ನಮ್ಮ ಜಗಲಿ ಅಂಚೆ ಕಚೇರಿಯಾಗುತ್ತದೆ. ‘ಹೇಗೂ ಹೋಗ್ತಿದ್ದೀಯಲ್ಲ’ ಎಂದು ಒಬ್ಬೊಬ್ಬರೂ ಒಂದೊಂದು ಪೊಟ್ಟಣ ತಂದಿಡುತ್ತಾರೆ. ಆ ಮಾತಿನ ಭಾರ ಎಷ್ಟೆಂದು ಹೊತ್ತವಳಿಗೇ ಗೊತ್ತು. ಒಮ್ಮೆ ಸೆಮರಾಂಗಿಗೆ ಹೊರಟಾಗ ಮೂಲೆಮನೆಯ ಮುದುಕಿ ಬು ಪೊನಿರಾ (ಬು ಎಂದರೆ ಅಮ್ಮ), ಅಲ್ಲಿರುವ ಮಗನಿಗೆಂದು ಜೀವಂತ ಹುಂಜವನ್ನೇ ನನ್ನ ಕೈಗಿತ್ತರು. ಅದು ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಕುಳಿತು ಕಿಟಕಿಯ ಗಾಳಿ ಸೇವಿಸಿತು. (ನನ್ನ ಮಗಳಿಗೆ ನಿಲ್ಲಲು ಜಾಗ ಸಿಕ್ಕಿತ್ತು.) ಇದು ಹೋಗುವಾಗಿನ ಕಥೆ. ಬರುವಾಗ ಮನೆಮನೆಗೂ ಏನಾದರೂ ತರಬೇಕು. ತರದಿದ್ದರೆ ಯಾರೂ ಬಯ್ಯುವುದಿಲ್ಲ. ‘ಪಾಪ, ಸುಸ್ತಾಗಿ ಮರೆತಿರಬೇಕು’ ಎಂದು ಕರುಣೆ ತೋರುತ್ತಾರೆ. ಆ ಕರುಣೆಯನ್ನು ತಡೆದುಕೊಳ್ಳುವ ಶಕ್ತಿ ನಮ್ಮ ಗಲ್ಲಿಯ ಯಾವ ಸೊಸೆಗೂ ಇನ್ನೂ ಬಂದಿಲ್ಲ.

ಇಲ್ಲಿ ಒಂಟಿಯಾಗಿ ಕಾಯಿಲೆ ಬೀಳುವುದೂ ಸಾಧ್ಯವಿಲ್ಲ. ಯಾರಾದರೂ ಆಸ್ಪತ್ರೆ ಸೇರಿದರೆ ನೆರೆಯವರು ಒಬ್ಬೊಬ್ಬರಾಗಿ ಹೋಗಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಬಸ್ಸು ಮಾಡಿಕೊಂಡು ಹೋಗುತ್ತಾರೆ. ಹೋದ ವರ್ಷ ಬು ಪೊನಿರಾ ಪುರ್ವೊಕೆರ್ತೊದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಾಗ ಇಡೀ ಗಲ್ಲಿ ಹೋಗಿ ಅವರ ಮಂಚದ ಸುತ್ತ ನಿಂತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಅವರಿಗೆ ಯಾರೂ ಕಾಣಲಿಲ್ಲ. ಗದ್ದಲದ ಮೇಲೆ ಎಲ್ಲರೂ ಬಂದಿದ್ದಾರೆಂದು ತಿಳಿದುಕೊಂಡರು. ಹಿಂತಿರುಗುವಾಗ ಆ ಬಸ್ಸು, ಯಾರೂ ಹೇಳದಿದ್ದರೂ, ತಾನಾಗಿಯೇ ಬಿಸಿನೀರಿನ ಬುಗ್ಗೆಯ ಕಡೆಗೆ ತಿರುಗಿತು. ರೋಗಿಯನ್ನು ನೋಡಲು ಹೋದ ಬಸ್ಸು ಒಂದು ಪ್ರೇಕ್ಷಣೀಯ ಸ್ಥಳವನ್ನೂ ನೋಡದೆ ವಾಪಸಾದ ಉದಾಹರಣೆ ನಮ್ಮ ಇತಿಹಾಸದಲ್ಲಿ ಇಲ್ಲ.

ಜಾವಾ ದ್ವೀಪದ ಇಂಥ ಕೆಬುಮೆನ್ ಪಟ್ಟಣದ ಇಂಥ ಗಲ್ಲಿಯಲ್ಲಿ ಕುಳಿತು ನಾನು, ವುಲಾನ್ ಎಂಬ ಶಿಶುವಿಹಾರದ ಮೇಡಂ, ಒಂದು ಮೊಟ್ಟೆಯ ಕನಸು ಕಂಡೆ.

ಕನಸು ಹುಟ್ಟಿಸಿದ್ದು ನಮ್ಮ ಶಿಶುವಿಹಾರದ ಇನ್ನೊಬ್ಬ ಮೇಡಂ. ಆಕೆ ಜಕಾರ್ತಾದಲ್ಲಿ ತಮ್ಮನ ಮದುವೆಗೆ ಹೋಗಿ ಹೋಟೆಲಿನಲ್ಲಿ ಉಳಿದು ಬಂದಿದ್ದಳು. ಬೆಳಗಿನ ತಿಂಡಿಗೆ ಹೋದರೆ ಅಲ್ಲಿ ಉದ್ದನೆಯ ಬಿಳಿ ಟೋಪಿಯ ಒಬ್ಬ ಮನುಷ್ಯ ನಿಂತಿರುತ್ತಾನಂತೆ. ಅವನ ಕೆಲಸ ಮೊಟ್ಟೆ ಮಾಡುವುದು, ಅಷ್ಟೇ.

“ನಿಮಗೆ ಹೇಗೆ ಬೇಕು ಅಂತ ಕೇಳ್ತಾನೆ,” ಎಂದಳು.

“ಕೇಳ್ತಾನಾ?”

“ಕೇಳಿ, ಕಾಯ್ತಾನೆ ಬೇರೆ.”

ಅವತ್ತು ಮಕ್ಕಳಿಗೆ ಬಾತುಕೋಳಿಯ ಹಾಡು ಹೇಳಿಕೊಡುವಾಗಲೂ ನನ್ನ ಕಣ್ಣ ಮುಂದೆ ಆ ಬಿಳಿ ಟೋಪಿಯೇ. ನನ್ನ ಗಂಡನಿಗೆ ಮೊಟ್ಟೆಯ ಎರಡೂ ಬದಿ ಬೇಯಬೇಕು. ಅತ್ತೆಗೆ ಹಲ್ಲಿಗೆ ಸಿಗದಷ್ಟು ಮೆತ್ತಗಿರಬೇಕು. ಮಗಳು ಗೆಂಡಿಸ್‌ಗೆ ಹಳದಿ ಕಾಣಬಾರದು. ಮದುವೆಯಾದಾಗಿನಿಂದ ನಾನು ಇವರೆಲ್ಲರನ್ನೂ ಕೇಳಿದ್ದೇನೆ. ನನ್ನ ಮೊಟ್ಟೆಗೆ ಮಾತ್ರ ಇಂಥದೇ ಎಂಬ ಆಕಾರವಿಲ್ಲ. ಬಾಣಲೆಯಲ್ಲಿ ಕೊನೆಗೆ ಏನು ಉಳಿಯುತ್ತದೋ ಅದೇ ನನ್ನ ಆಕಾರ. ನನಗೆ ಹೇಗೆ ಬೇಕು ಎಂದು ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಹೇಗೆ ಬೇಕು ಎಂಬುದು ನನಗೂ ಗೊತ್ತಿರಲಿಲ್ಲ.

ಅಂದು ಸಂಜೆಯೇ ಮಲಗುವ ಕೋಣೆಯಲ್ಲಿ ಉನ್ನತ ಮಟ್ಟದ ರಹಸ್ಯ ಸಭೆ ಕರೆದೆ. ಮಾತು ಹೊರಗೆ ಕೇಳದಿರಲೆಂದು ಹಳೆಯ ಫ್ಯಾನನ್ನು ಜೋರಾಗಿ ತಿರುಗಿಸಿದ್ದೆ.

“ಮಾಸ್,” ಎಂದೆ, ನಮ್ಮೂರಿನ ಹೆಂಡತಿಯರು ಗಂಡನನ್ನು ಕರೆಯುವ ಹಾಗೆ, “ಜಕಾರ್ತಾಕ್ಕೆ ಹೋಗೋಣ.”

“ಯಾರಿಗೆ ಏನಾಯ್ತು?” ಎಂದರು ನನ್ನ ಗಂಡ ಪ್ರಿಹಾಂತೊ, ಮುಖ ಬಿಳಿಚಿಕೊಂಡು. ಅವರ ತಪ್ಪಲ್ಲ. ನಮ್ಮೂರಿನವರು ಜಕಾರ್ತಾಕ್ಕೆ ಹೋಗುವುದು ಒಂದೋ ಕೆಲಸ ಹುಡುಕಿಕೊಂಡು, ಇಲ್ಲವೇ ಇಲ್ಲಿನ ಡಾಕ್ಟರು ಕೈಚೆಲ್ಲಿದಾಗ.

“ಯಾರಿಗೂ ಏನೂ ಆಗಿಲ್ಲ. ರಜಾ ಕಳೆಯೋಕೆ. ನಾವು ನಾವೇ. ಹೋಟೆಲಲ್ಲಿ.”

“ನಾವು ನಾವೇ ಅಂದ್ರೆ?”

“ನಾನು, ನೀವು, ಗೆಂಡಿಸ್, ಅತ್ತೆ.”

“ಮತ್ತೆ ಇನ್ನುಳಿದವರು?”

ನೋಡಿ, ಇಂಥವರನ್ನು ಕಟ್ಟಿಕೊಂಡು ನಾನು ಗೋಪ್ಯ ಕಾರ್ಯಾಚರಣೆಗೆ ಇಳಿದೆ. ಇವರು ಬೈಕುಗಳ ಸೀಟು ಹೊಲಿಯುವ ಅಂಗಡಿ ಇಟ್ಟುಕೊಂಡವರು. ಎಂಥ ಹರಿದ ಸೀಟನ್ನೂ ಹೊಲಿಗೆ ಕಾಣದಂತೆ ಮುಚ್ಚಬಲ್ಲರು. ಆದರೆ ಒಂದು ಸಣ್ಣ ಸುಳ್ಳನ್ನು ಮುಚ್ಚಲು ಬಾರದು; ಕಿವಿ ಕೆಂಪಾಗಿಬಿಡುತ್ತದೆ.

“ಯಾರಿಗೂ ಹೇಳಬಾರ್ದು,” ಎಂದೆ. “ಬು ಎರ್ತೆಗಂತೂ ಹೇಳಲೇಬಾರ್ದು.”

ಬು ಎರ್ತೆ ಎಂದರೆ ನಮ್ಮ ಗಲ್ಲಿಯ ಮುಖಂಡರ ಹೆಂಡತಿ. ಆ ಹುದ್ದೆಯ ಹೆಸರೇ ಅವರ ಹೆಸರಾಗಿ, ಸ್ವಂತ ಹೆಸರು ಮದುವೆಯ ಕಾಗದದಲ್ಲಷ್ಟೇ ಉಳಿದಿದೆ. ಅವರ ಮನೆ ನಮ್ಮ ಬೇಲಿಗೆ ಅಂಟಿಕೊಂಡೇ ಇದೆ. ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೆ ಸೀನುವುದು ಅವರು.

“ಅವರು ಕೇಳಿದ್ರೆ?” ಎಂದರು ಗಂಡ.

“ಸುಳ್ಳೂ ಬೇಡ, ನಿಜವೂ ಬೇಡ. ‘ಸ್ವಲ್ಪ ಕೆಲಸ ಇದೆ’ ಅನ್ನಿ. ಕಿವಿ ಕಾಣದ ಹಾಗೆ ತಲೆ ತಗ್ಗಿಸಿ, ಚಪ್ಪಲಿ ನೋಡ್ತಾ ಹೇಳಿ. ಎಲ್ಲಿ, ಹೇಳಿ ನೋಡೋಣ.”

ಅವರು ಎದ್ದು ನಿಂತು, ತಲೆ ತಗ್ಗಿಸಿ, ಚಪ್ಪಲಿ ಇಲ್ಲದ್ದರಿಂದ ಕಾಲ್ಬೆರಳು ನೋಡುತ್ತ, “ಸ್ವಲ್ಪ ಕೆಲಸ ಇದೆ,” ಎಂದರು. ನನಗೆ ತೃಪ್ತಿಯಾಯಿತು. (ಈ ತೃಪ್ತಿಗೆ ನಾನು ತೆತ್ತ ಬೆಲೆ ಮುಂದೆ ಬರುತ್ತದೆ.)

ಅಷ್ಟರಲ್ಲಿ ಬಾಗಿಲ ಹಿಂದಿನಿಂದ, “ನನ್ನ ಫ್ಲಾಸ್ಕು ತಗೊಂಡೇ ಬರೋದು ನಾನು,” ಎಂಬ ದನಿ ಕೇಳಿತು. ಸಭೆಗೆ ಆಹ್ವಾನವಿಲ್ಲದ ಸದಸ್ಯರು ನಮ್ಮ ಅತ್ತೆ.

“ಹೋಟೆಲಲ್ಲಿ ಬಿಸಿನೀರು ಕೊಡ್ತಾರೆ ಅತ್ತೆ.”

“ಕೊಡ್ತಾರೆ ಅಂತ ನಂಬ್ಕೊಂಡು ಅಷ್ಟು ದೂರ ಹೋಗೋದಾ? ಚಾಪೆನೂ ಬೇಕು.”

“ಮಂಚ ಇರುತ್ತೆ!”

“ಮಂಚದ ಮೇಲೆ ಕೂತ್ಕೊಂಡು ಊಟ ಮಾಡ್ತಾರೇನೇ? ನನ್ನ ದಿಂಬು ಬೇಕು. ಅನ್ನದ ಕುಕ್ಕರೂ ಇರ್ಲಿ.”

“ಅತ್ತೆ, ಅಲ್ಲಿ ಅನ್ನ ಕೊಡ್ತಾರೆ.”

“ಯಾವ ಅಕ್ಕಿದು?”

ಫ್ಲಾಸ್ಕು, ಚಾಪೆ, ದಿಂಬು, ಕುಕ್ಕರು ನಾಲ್ಕಕ್ಕೂ ಅನುಮೋದನೆ ಸಿಕ್ಕಿತು. ಅತ್ತೆಯೂ ಗುಟ್ಟು ಕಾಯುವುದಾಗಿ ಪ್ರಮಾಣ ಮಾಡಿದರು. “ರಜಾ ಅನ್ನೋ ಮಾತು ನನ್ನ ಬಾಯಲ್ಲಿ ಬರೋದಿಲ್ಲ, ನೋಡ್ತಾ ಇರು,” ಎಂದರು. ಜಕಾರ್ತಾದವರೆಗೂ ಅವರು ಆ ಮಾತನ್ನು ಮುರಿಯಲಿಲ್ಲ; ಅದೇ ದುರಂತ.

ಉಳಿದವಳು ಗೆಂಡಿಸ್. ಆರು ವರ್ಷದ ಬಾಯಿಗೆ ಬೀಗ ಹಾಕುವುದು ಹೇಗೆ? “ಯಾರಿಗಾದ್ರೂ ಹೇಳಿದ್ರೆ ಲಿಫ್ಟ್ ಹತ್ತಿಸಲ್ಲ,” ಎಂದೆ. ಅವಳು ಕೂಡಲೇ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಒಳಗಿನ ನಗು ಹೊರಬರಲು ಜಾಗ ಸಿಗದೆ ಕಣ್ಣಿಂದ ನೀರಾಗಿ ಬಂತು.

ಮುಂದಿನ ವಾರಗಳ ನನ್ನ ಚಾಣಾಕ್ಷತನವನ್ನು ನೆನೆದರೆ ಈಗಲೂ ನನಗೇ ಹೆಮ್ಮೆ. ರೈಲಿನ ಟಿಕೆಟ್ಟನ್ನು ಬಚ್ಚಲಲ್ಲಿ ನಿಂತು, ನಲ್ಲಿ ಬಿಟ್ಟುಕೊಂಡು, ಫೋನಿನಲ್ಲಿ ಮಾಡಿಸಿದೆ. ಸೂಟ್‌ಕೇಸನ್ನು ಗಂಡನ ಅಂಗಡಿಯ ಸ್ಪಂಜಿನ ರಾಶಿಯೊಳಗೆ ಹೂತಿಟ್ಟೆ. ಹೊಸ ಬಟ್ಟೆಗಳನ್ನು ಒಗೆದು ಮಲಗುವ ಕೋಣೆಯಲ್ಲೇ ಒಣಗಿಸಿದೆ. ಇಡೀ ವಾರ ಒದ್ದೆ ಬಟ್ಟೆಗಳ ಕೆಳಗೆ ಮಲಗಿ ಗಂಡನಿಗೆ ನೆಗಡಿಯಾಯಿತು. ಕಣ್ಣು, ಮೂಗು ಕೆಂಪಾದವು.

ಆಗ ನಡೆದದ್ದು ಒಂದು ವಿಚಿತ್ರ. ಗಲ್ಲಿ ಇದ್ದಕ್ಕಿದ್ದಂತೆ ಮೃದುವಾಯಿತು. ಒಬ್ಬರು ತೆಂಗಿನ ಹಾಲಿನಲ್ಲಿ ಬೇಯಿಸಿದ ಬಾಳೆಹಣ್ಣು ಕಳಿಸಿದರು. ಇನ್ನೊಬ್ಬರು ನಮ್ಮ ಅಂಗಳವನ್ನೂ ಸೇರಿಸಿ ಗುಡಿಸಿದರು. ಬೀದಿಯಲ್ಲಿ ಸೈಕಲ್ ಬೆಲ್ಲು ಹೊಡೆಯುವ ಮಕ್ಕಳು ನಮ್ಮ ಮನೆಯ ಮುಂದೆ ಬಂದಾಗ ಇಳಿದು ತಳ್ಳಿಕೊಂಡು ಹೋಗತೊಡಗಿದರು. ತಿಂಗಳ ಚೀಟಿಗೆ ಹೋದಾಗ ಬು ಎರ್ತೆ ನನ್ನ ಕೈಯನ್ನು ಎರಡೂ ಅಂಗೈಗಳ ನಡುವೆ ಹಿಡಿದು, “ವುಲಾನ್, ಏನೇ ಇದ್ರೂ ನಾವಿದ್ದೀವಮ್ಮ,” ಎಂದರು. ಚೀಟಿ ಕಟ್ಟಲು ತಡವಾದದ್ದಕ್ಕೆ ಹೇಳುತ್ತಿದ್ದಾರೆ ಅಂದುಕೊಂಡು, “ಮುಂದಿನ ವಾರದೊಳಗೆ ಎಲ್ಲ ಮುಗಿಯುತ್ತೆ, ಬು,” ಎಂದೆ. ಅವರು ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡರು. ಇಷ್ಟು ಸಣ್ಣ ಬಾಕಿಗೆ ಅಳುವವರನ್ನು ನಾನು ನೋಡಿರಲಿಲ್ಲ.

ಹೊರಡುವ ದಿನ ಬೆಳಕು ಹರಿಯುವ ಹೊತ್ತಿಗೇ ಸೈಕಲ್ ರಿಕ್ಷಾ ಕರೆಸಿದ್ದೆ. ಆದರೆ ಬು ಎರ್ತೆಗಿಂತ ಮೊದಲು ಏಳುವುದು ನಮ್ಮೂರಿನಲ್ಲಿ ಸೂರ್ಯನಿಗೂ ಸಾಧ್ಯವಾಗಿಲ್ಲ. ಅವರು ಪೊರಕೆ ಹಿಡಿದು ಗೇಟಿನಲ್ಲೇ ನಿಂತಿದ್ದರು. ಅವರ ಕಣ್ಣೆದುರಿಗೇ ನಮ್ಮ ಮೆರವಣಿಗೆ ಹೊರಟಿತು: ಮುಂದಿನ ರಿಕ್ಷಾದಲ್ಲಿ ಅತ್ತೆ, ಅವರ ಮಡಿಲಲ್ಲಿ ಫ್ಲಾಸ್ಕು, ಬೆನ್ನಿಗೆ ದಿಂಬು, ಕಾಲ ಬಳಿ ಸುತ್ತಿದ ಚಾಪೆ, ಕುಕ್ಕರು. ಮೊಣಕಾಲು ನೋವಿಗೆ ಅತ್ತೆ ಶಾಲು ಬೇರೆ ಸುತ್ತಿಕೊಂಡಿದ್ದರು.

ನಮ್ಮ ಜಾವಾದಲ್ಲಿ ಫ್ಲಾಸ್ಕು, ಚಾಪೆ, ದಿಂಬು ಹಿಡಿದು ನಸುಕಿನಲ್ಲಿ ಯಾರಾದರೂ ಹೊರಟರೆ ಅವರು ಎಲ್ಲಿಗೆ ಹೊರಟರೆಂದು ಎಳೆಮಕ್ಕಳಿಗೂ ಗೊತ್ತು. ಆಸ್ಪತ್ರೆಯ ವರಾಂಡದಲ್ಲಿ ರೋಗಿಯನ್ನು ಕಾಯುತ್ತ ಮಲಗುವವರ ಸರಂಜಾಮು ಅದು. ಎಲ್ಲರಿಗೂ ಗೊತ್ತಿದ್ದದ್ದು ಆ ಹೊತ್ತಿನಲ್ಲಿ ನನಗೊಬ್ಬಳಿಗೆ ಹೊಳೆಯಲಿಲ್ಲ.

“ಎಲ್ಲಿಗೆ?” ಎಂದರು ಬು ಎರ್ತೆ. ಎಂದಿನ ಜೋರು ಇರಲಿಲ್ಲ; ಪಿಸುಮಾತು.

ನನ್ನ ಗಂಡ ತಲೆ ತಗ್ಗಿಸಿ, ಚಪ್ಪಲಿ ನೋಡುತ್ತ, ಸುರಿಯುವ ಮೂಗು ಎಳೆದುಕೊಂಡು, “ಸ್ವಲ್ಪ... ಕೆಲಸ ಇದೆ,” ಎಂದರು. ಗೆಂಡಿಸ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣಿಂದ ನೀರು ಇಳಿಯಿತು, ಹೆಗಲು ಕುಲುಕಿದವು.

ಬು ಎರ್ತೆಯ ಕೈಯಿಂದ ಪೊರಕೆ ಬಿತ್ತು. ರಿಕ್ಷಾ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದರು.

“ನೋಡಿದ್ರಾ?” ಎಂದೆ ಗಂಡನಿಗೆ. “ಒಂದೇ ಒಂದು ಪೊಟ್ಟಣ ಇಲ್ಲ!”

ಕೈ ಬೀಸಿಕೊಂಡು ರೈಲು ಹತ್ತುವುದು ಎಂಥ ಸುಖ ಎಂದು ಅವತ್ತೇ ತಿಳಿದದ್ದು. ಕಿಟಕಿಯಾಚೆ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ನನ್ನ ತೊಡೆ ಖಾಲಿಯಿತ್ತು. ಯಾವ ಹುಂಜವೂ ಇರಲಿಲ್ಲ.

ಹೋಟೆಲಿನಲ್ಲಿ ನಮಗೆ ಏಳನೇ ಮಹಡಿಯ ಕೋಣೆ ಸಿಕ್ಕಿತು. ಗೆಂಡಿಸ್ ಲಿಫ್ಟಿನಲ್ಲಿ ಸಾಕು ಸಾಕೆನ್ನುವಷ್ಟು ಹತ್ತಿಳಿದಳು. ಪರದೆ ಸರಿಸಿದರೆ ಕೆಳಗೆ ಜಕಾರ್ತಾ ಕಣ್ಣು ಹರಿಯುವವರೆಗೆ ಹರಡಿಕೊಂಡಿತ್ತು. ಕತ್ತಲಾದಂತೆ ಕೆಂಪು ದೀಪಗಳ ಒಂದು ಸಾಲು ದೂರ ಹೋಗುತ್ತ, ಬಿಳಿ ದೀಪಗಳ ಒಂದು ಸಾಲು ಹತ್ತಿರ ಬರುತ್ತ, ಯಾರೋ ಎರಡು ಮಣಿಸರಗಳನ್ನು ಮೆಲ್ಲಗೆ ಎಳೆಯುತ್ತಿರುವ ಹಾಗೆ ಕಂಡಿತು. ಅಷ್ಟು ಜನರ ನಡುವೆ ನಮ್ಮನ್ನು ‘ಎಲ್ಲಿಗೆ?’ ಎಂದು ಕೇಳುವವರು ಒಬ್ಬರೂ ಇಲ್ಲ. ನಾನೂ ಗಂಡನೂ ಗಾಜಿಗೆ ಹಣೆ ಒತ್ತಿ ನಿಂತಿದ್ದೆವು. ನಮ್ಮ ಹಿಂದೆ ಅತ್ತೆ ಮಂಚಗಳ ನಡುವೆ ಚಾಪೆ ಹಾಸಿ, ಕುಕ್ಕರಿಗೆ ಅಕ್ಕಿ ಅಳೆಯುತ್ತಿದ್ದರು.

ಮರುದಿನ ಬೆಳಿಗ್ಗೆ ತಿಂಡಿಯ ಹಾಲ್‌ಗೆ ಇಳಿದೆವು. ಅವನಿದ್ದ! ಬಿಳಿ ಟೋಪಿ ನಾನು ಅಂದುಕೊಂಡದ್ದಕ್ಕಿಂತ ಎತ್ತರವಾಗಿಯೇ ಇತ್ತು. ನನ್ನ ಸರದಿ ಬಂತು. ಅವನು ಬಾಗಿ, ನಕ್ಕು, ಕೇಳಿಯೇಬಿಟ್ಟ: “ಮೇಡಂ, ನಿಮ್ಮ ಮೊಟ್ಟೆ ಹೇಗಿರಲಿ?”

ಇಷ್ಟು ವರ್ಷ ಕಾದ ಪ್ರಶ್ನೆ. ಹಿಂದೆ ಜನ ಕಾಯುತ್ತಿದ್ದರು.

“ಹೇಗಾದ್ರೂ ಸರಿ,” ಎಂದೆ.

ಅವನು ಹೇಗೋ ಒಂದು ಮಾಡಿಕೊಟ್ಟ. ಹೇಗಿತ್ತು ಎಂದರೆ, ಮನೆಯಲ್ಲಿ ಬಾಣಲೆಯ ಕೊನೆಗೆ ಉಳಿಯುವುದರ ಹಾಗೇ ಇತ್ತು.

“ಅಷ್ಟು ದೂರದಿಂದ ಬಂದು ‘ಹೇಗಾದ್ರೂ ಸರಿ’ ಅಂದ್ಯಾ?” ಎಂದು ಗಂಡ ನಕ್ಕರು.

“ನಾಳೆ ಒಂದಿನ ಇದೆಯಲ್ಲ,” ಎಂದೆ. ನಾಳೆ ಒಂದೇ ದಿನ ಇತ್ತು. ಮಧ್ಯಾಹ್ನದ ರೈಲಿಗೆ ವಾಪಸು.

ಅವತ್ತೆಲ್ಲ ಗಂಡ, ಮಗಳ ಜೊತೆ ಊರು ಸುತ್ತುತ್ತ ನಾನು ನನ್ನ ಮೊಟ್ಟೆಯನ್ನೇ ಯೋಚಿಸುತ್ತಿದ್ದೆ. ದೊಡ್ಡ ಸ್ಮಾರಕದ ಕೆಳಗೆ ನಿಂತಾಗ ಈರುಳ್ಳಿ ಇರಲಿ ಎಂದು ತೀರ್ಮಾನಿಸಿದೆ. ಬಸ್ಸಿನಲ್ಲಿ ಬರುವಾಗ ಹಸಿಮೆಣಸು ಬೇಡ ಎಂಬುದು ಖಚಿತವಾಯಿತು. ಅಂಚಿನ ವಿಚಾರ ಮಾತ್ರ ಸಂಜೆಯವರೆಗೂ ಇತ್ಯರ್ಥವಾಗಲಿಲ್ಲ.

ಅತ್ತೆ ನಮ್ಮ ಜೊತೆ ಬಂದಿರಲಿಲ್ಲ. “ಮೊಣಕಾಲು ನೋಯ್ತಿದೆ, ನೀವು ಹೋಗಿ, ಈ ಮಂಚ ಚೆನ್ನಾಗಿದೆ,” ಎಂದು ಬಿಳಿ ಹಾಸಿಗೆಯಲ್ಲಿ ಕತ್ತಿನವರೆಗೆ ಬಿಳಿ ಹೊದಿಕೆ ಎಳೆದುಕೊಂಡು ಮಲಗಿದ್ದರು. ಸ್ನಾನವಾದ ಮೇಲೆ ಹೋಟೆಲಿನ ಬಿಳಿ ನಿಲುವಂಗಿ ತೊಟ್ಟು, ತಲೆಗೆ ಬಿಳಿ ಟವೆಲ್ಲು ಸುತ್ತಿಕೊಂಡಿದ್ದರು. ಆ ವೇಷದಲ್ಲಿ ತಮಗೆ ತಾವೇ ಚಂದ ಕಂಡಿರಬೇಕು. ಫೋನು ಎತ್ತಿ ತಮ್ಮದೇ ಒಂದು ಫೋಟೊ ತೆಗೆದು, ಗಲ್ಲಿಯ ಮಹಿಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಇದು ನನಗೆ ತಿಳಿದದ್ದು ಮರುದಿನ.

ಮರುದಿನ ಬೆಳಿಗ್ಗೆ ನಾನು ಹೊಸ ಬಟ್ಟೆ ತೊಟ್ಟು, ಗಂಡನನ್ನೂ ಮಗಳನ್ನೂ ಮೇಜಿನಲ್ಲಿ ಕೂರಿಸಿ, ಒಬ್ಬಳೇ ಬಿಳಿ ಟೋಪಿಯ ಮುಂದೆ ಹೋಗಿ ನಿಂತೆ. ಅವನು ಬಾಗಿದ. ಕೇಳಿದ. ನಾನು ಉಸಿರೆಳೆದುಕೊಂಡು, ಇಡೀ ಹಾಲ್‌ಗೆ ಕೇಳುವ ಹಾಗೆ, ಮಹಾರಾಣಿಯ ದನಿಯಲ್ಲಿ ಹೇಳಿದೆ:

“ಈರುಳ್ಳಿ ಇರಲಿ. ಹಸಿಮೆಣಸು ಬೇಡ. ಅಂಚು ಗರಿಗರಿ ಆಗಬೇಕು. ನಡುವೆ ಮಾತ್ರ ಮೆತ್ತಗಿರಲಿ!”

“ವುಲಾನ್?” ಎಂದಿತು ಬೆನ್ನ ಹಿಂದೆ ಒಂದು ದನಿ.

ತಿರುಗಿದೆ. ಬಾಗಿಲ ತುಂಬ ಕಿತ್ತಳೆ ಬಣ್ಣ. ನಮ್ಮ ತಿಂಗಳ ಚೀಟಿಯ ಮಹಿಳೆಯರ ಸಮವಸ್ತ್ರ: ಕಿತ್ತಳೆ ಬಣ್ಣದ ಬಾಟಿಕ್, ಅದಕ್ಕೊಪ್ಪುವ ತಲೆವಸ್ತ್ರ. (ನನಗೂ ಒಂದಿದೆ.) ಎಲ್ಲರ ಕೈಯಲ್ಲೂ ಹಣ್ಣಿನ ಬುಟ್ಟಿ, ಬಿಸ್ಕತ್ತಿನ ಡಬ್ಬ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಮುಖಗಳು. ಮುಂದೆ ಬು ಎರ್ತೆ. ಅವರ ಪಕ್ಕದಲ್ಲಿ ಬು ಪೊನಿರಾ, ಬಟ್ಟೆ ಸುತ್ತಿದ ಒಂದು ಪಾತ್ರೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಿಂತಿದ್ದರು.

“ಅತ್ತೆ ಹೇಗಿದ್ದಾರೆ?” ಎಂದರು ಬು ಎರ್ತೆ. “ಆಪರೇಷನ್ನು ಆಯ್ತಾ? ಬಾಗಿಲಲ್ಲಿ ಕಾವಲಿನವನನ್ನ ರೋಗಿ ನೋಡೋ ಹೊತ್ತಾಯ್ತಾ ಅಂತ ಕೇಳಿದ್ರೆ, ಈಗ ತಿಂಡಿ ಹೊತ್ತು ಅಂತಾನೆ. ಎಂಥ ಆಸ್ಪತ್ರೆನಮ್ಮಾ ಇದು, ಸಂಗೀತ ಬೇರೆ ಹಾಕಿದ್ದಾರೆ!”

ಅದೇ ಹೊತ್ತಿಗೆ ರೋಗಿ ಲಿಫ್ಟಿನಿಂದ ಇಳಿದು ಬಂದರು. ಬಿಳಿ ನಿಲುವಂಗಿ, ಒಂದು ಕೈಯಲ್ಲಿ ಫ್ಲಾಸ್ಕು. ನೇರವಾಗಿ ಸಿಹಿ ಬ್ರೆಡ್ಡುಗಳ ಮೇಜಿಗೆ ಹೋಗಿ ತಟ್ಟೆಗೆ ಒಂದು, ಎರಡು, ಮೂರು ಹಾಕಿಕೊಂಡು, ಒಂದನ್ನು ಅಲ್ಲೇ ಕಚ್ಚಿ, ತಲೆಯೆತ್ತಿದರು.

“ಅರೆ! ಎಲ್ಲರೂ ಬಂದ್ಬಿಟ್ರಾ?” ಎಂದರು ತುಂಬಿದ ಬಾಯಲ್ಲಿ. “ಎಲ್ಲಿಗೆ?”

ನನ್ನ ಮೊಟ್ಟೆ ಬಾಣಲೆಯಲ್ಲಿ ಚುರ್ರೆನ್ನುತ್ತಿತ್ತು.

“ಅತ್ತೆ,” ಎಂದೆ ಹಲ್ಲು ಕಚ್ಚಿ, “ಏನು ಹೇಳಿದ್ರಿ ಇವರಿಗೆ?”

“ಏನೂ ಹೇಳಿಲ್ಲ ಕಣೇ! ನನ್ನ ಫೋಟೊ ನೋಡಿ ಹೇಗಿದ್ದೀರಿ ಅಂದ್ರು, ಮೊಣಕಾಲು ನೋವು, ಹೊಟ್ಟೆ ಭಾರ, ಎದ್ದೇಳಕ್ಕೆ ಮನಸ್ಸಿಲ್ಲ ಅಂದೆ. ನಿಜ ತಾನೇ? ವಿಳಾಸ ಕೇಳಿದ್ರು, ಕೊಟ್ಟೆ. ರಜಾ ಅನ್ನೋ ಮಾತು ನನ್ನ ಬಾಯಲ್ಲಿ ಬಂದಿದ್ರೆ ಕೇಳು.”

‘ರಜಾ’ ಎಂಬ ಮಾತು ಆಗ ಬಂತು. ಬಂದು, ಮೇಜುಗಳ ನಡುವೆ ಹಾದು, ಕಿತ್ತಳೆ ಸಾಲಿನ ಕೊನೆಯವರೆಗೂ ಹೋಯಿತು.

ಬು ಎರ್ತೆ ನನ್ನ ಗಂಡನನ್ನು ನೋಡಿದರು. ಗಂಡ ಚಪ್ಪಲಿ ನೋಡಿದರು. ಕಿವಿಗಳು ಕೆಂಡದಂತಾಗಿದ್ದವು. ಗೆಂಡಿಸ್ ಬಾಯಿಯ ಮೇಲಿನ ಕೈ ತೆಗೆದು, “ಅಮ್ಮಾ, ಇನ್ನು ಹೇಳಬಹುದಾ?” ಎಂದಳು.

ನೆಲ ಬಾಯಿ ಬಿಟ್ಟು ನುಂಗಿದರೆ ಸಾಕು ಅನ್ನಿಸಿತು. ಬು ಪೊನಿರಾ ಮೆಲ್ಲನೆ ನನ್ನ ಹತ್ತಿರ ಬಂದರು. ಪಾತ್ರೆಯ ಬಟ್ಟೆ ಇನ್ನೂ ಬೆಚ್ಚಗಿತ್ತು. ದಾರಿಯಲ್ಲಿ ಬಸ್ಸು ನಿಂತಲ್ಲೆಲ್ಲ ಇಳಿದು, ಹೋಟೆಲಿನವರನ್ನು ಬೇಡಿ, ಒಳಗಿದ್ದ ಕೋಳಿಸಾರನ್ನು ಬಿಸಿ ಮಾಡಿಸಿಕೊಂಡು ಬಂದಿದ್ದರಂತೆ.

“ಒಂದ್ಮಾತು ಹೇಳಬಾರ್ದಿತ್ತಾ, ಮಗಳೇ?” ಎಂದರು. “ಈ ಸಲ ಹುಂಜ ಕೊಡ್ತಿರ್ಲಿಲ್ಲ ಕಣೇ.”

ನನಗೆ ಅಳು ಬಂತು. ಅದೇ ಕ್ಷಣ ನಗುವೂ ಬಂತು. ಎರಡೂ ಒಟ್ಟಿಗೆ ಬಂದರೆ ಮುಖ ಎಷ್ಟು ಕೆಟ್ಟದಾಗಿರುತ್ತದೆ ಎಂದು ಎದುರಿನವರ ಕಣ್ಣಲ್ಲಿ ಕಂಡಿತು. ಕ್ಷಮೆ ಕೇಳಲೆಂದು ಬಾಗಿ ಅವರ ಕೈ ಹಿಡಿದೆ. ಹಿಡಿದ ರಭಸಕ್ಕೆ ಅವರ ಹೆಗಲ ಚೀಲ ಜಾರಿ ಬಿತ್ತು. ಅದರೊಳಗಿಂದ ಒಂದು ಹುಲ್ಲಿನ ಟೋಪಿ ಉರುಳಿಕೊಂಡು ಬಂತು. ಬಿಸಿಲಿಗೆ ಹಾಕುವಂಥದ್ದು, ಅಂಚಿಗೆ ಹೂವಿರುವಂಥದ್ದು.

ನಾನು ಟೋಪಿ ನೋಡಿದೆ. ಆಮೇಲೆ ಸಾಲಿನ ಉಳಿದವರ 'ಹಣ್ಣಿನ' ಬುಟ್ಟಿಗಳನ್ನು ನೋಡಿದೆ. ಒಂದರಲ್ಲಿ ಸೇಬುಗಳ ಅಡಿಯಿಂದ ಗಾಳಿ ತೆಗೆದ ಈಜು ಬಳೆ ಇಣುಕುತ್ತಿತ್ತು. ಮತ್ತೊಂದರಲ್ಲಿ ಮಕ್ಕಳ ಮರಳಿನ ಬಕೆಟ್ಟು.

“ಬು,” ಎಂದೆ ಬು ಎರ್ತೆಗೆ, “ಈ ಬಕೆಟ್ಟು ರೋಗಿಗಾ?”

ಈಗ ಚಪ್ಪಲಿ ನೋಡುವ ಸರದಿ ಅವರದು.

“ಅಲ್ಲ, ಅದು... ನೋಡ್ಕೊಂಡು ವಾಪಸು ಬರುವಾಗ... ಅಂಚೋಲ್ ಕಡಲು ದಾರೀಲೇ ಸಿಗುತ್ತೆ ಅಂದ ಡ್ರೈವರು,” ಎಂದರು. (ಅಂಚೋಲ್ ಕಡಲು ಇರುವುದು ಊರಿಗೆ ಹೋಗುವ ದಾರಿಯ ಪೂರ್ತಿ ವಿರುದ್ಧ ದಿಕ್ಕಿನಲ್ಲಿ.) ಆಮೇಲೆ ಗಂಟಲು ಸರಿಮಾಡಿಕೊಂಡು, ಎಂದಿನ ಜೋರು ದನಿಗೆ ಬಂದರು. “ಹಾಗಾದ್ರೆ ಯಾರಿಗೂ ಏನೂ ಆಗಿಲ್ಲ. ಯಾರೂ ಸಾಯ್ತಿಲ್ಲ. ಅಲ್ಲವೇನಮ್ಮಾ?”

“ಇಲ್ಲ, ಬು.”

“ದೇವರು ದೊಡ್ಡವನು! ಇಂಥ ಕ್ಷೇಮ ಸಮಾಚಾರಕ್ಕೆ ಅಳೋದೇನೇ? ಬಸ್ಸು ಸಂಜೆವರೆಗೂ ನಮ್ಮದೇ. ರೋಗಿನೂ ಹತ್ತಿಸ್ಕೊಳ್ಳಿ, ಹೊರಡಿ!”

“ಮೇಡಂ, ನಿಮ್ಮ ಮೊಟ್ಟೆ,” ಎಂದ ಬಿಳಿ ಟೋಪಿಯವನು.

ತಿರುಗಿ ನೋಡಿದೆ. ತಟ್ಟೆಯ ಮೇಲೆ ಅದು ಹೊಳೆಯುತ್ತ ಕೂತಿತ್ತು. ಅಂಚು ಕಂದು ಕಸೂತಿಯ ಹಾಗೆ, ನಡು ಬೆಳಗಿನ ಬಿಸಿಲಿನ ಹಾಗೆ. ನನ್ನ ಮೊಟ್ಟೆ, ನಾನು ಹೇಳಿದ ಹಾಗೇ ಆದ ಮೊಟ್ಟೆ. ತಟ್ಟೆ ತೆಗೆದುಕೊಂಡೆ. ಪಕ್ಕದಲ್ಲಿ ಬು ಪೊನಿರಾ ಪಾತ್ರೆ ಹಿಡಿದು ನಿಂತೇ ಇದ್ದರು. ರಾತ್ರಿಯಿಡೀ ನಿದ್ದೆ ಇಲ್ಲದ ಕಣ್ಣು. ನಾನು ಪಾತ್ರೆ ಇಸಿದುಕೊಂಡು ತಟ್ಟೆಯನ್ನು ಅವರ ಕೈಗಿಟ್ಟೆ.

ಅವರು ಕುಳಿತು, ಒಂದು ಚೂರೂ ಬಿಡದೆ ತಿಂದರು.

“ಹೇಗಿತ್ತು?” ಎಂದೆ. ನನಗೆ ನಿಜವಾಗಿಯೂ ಗೊತ್ತಾಗಬೇಕಿತ್ತು.

“ಉಪ್ಪು ಕಮ್ಮಿ,” ಎಂದರು.

ನಾವು ಕಡಲಿಗೆ ಹೋದೆವು. ಕಿತ್ತಳೆ ಬಾಟಿಕ್ಕಿನ ಸಾಲು ಮಂಡಿಯವರೆಗೆ ನೀರಿಗಿಳಿದು ಕಿರುಚಿತು. ಅತ್ತೆ ಮರಳಿನ ಮೇಲೆ ಚಾಪೆ ಹಾಸಿದರು, ಫ್ಲಾಸ್ಕಿನಿಂದ ಎಲ್ಲರಿಗೂ ಚಹಾ ಬಗ್ಗಿಸಿದರು, ಕುಕ್ಕರಿನ ಅನ್ನಕ್ಕೆ ಕೋಳಿಸಾರು ಹಾಕಿ ಬಡಿಸಿದರು. “ನೋಡ್ದ್ಯಾ? ಬೇಡ ಅಂದಿದ್ದೆ ನೀನು,” ಎಂದರು ನನಗೆ. ಆ ಸಾರಿನ ಹುಂಜ ಸೆಮರಾಂಗಿಗೆ ನನ್ನ ಜೊತೆ ಬಂದದ್ದರ ಮೊಮ್ಮಗನಂತೆ. ಅಜ್ಜನ ಗುಣ ಇತ್ತು. ಗಂಟಲಲ್ಲಿ ಇಳಿಯುವವರೆಗೂ ಜಗಳವಾಡಿತು. ಈಜು ಬಳೆಯೊಳಗೆ ಗೆಂಡಿಸ್ ಕುಳಿತು, ಮೂರು ವಾರದಿಂದ ಕೂಡಿಟ್ಟಿದ್ದ ಮಾತೆಲ್ಲ ಒಂದೇ ಮಧ್ಯಾಹ್ನ ಆಡಿ ಮುಗಿಸಿದಳು. ನಾನು ಮತ್ತು ನನ್ನ ಗಂಡ ನೀರಂಚಿನಲ್ಲಿ ಪಕ್ಕಪಕ್ಕ ಕುಳಿತೆವು. ನಾವು ನಾವೇ. ಸುತ್ತ ಇಡೀ ಗಲ್ಲಿ.

ರೈಲು ನಮ್ಮನ್ನು ಬಿಟ್ಟೇ ಹೋಯಿತು. ಬಸ್ಸಿನಲ್ಲಿ ನಮಗೆಂದು ಮುಂದಿನ ಸೀಟು ಖಾಲಿ ಮಾಡಿದ್ದರು. ಜಕಾರ್ತಾ ದಾಟುವಷ್ಟರಲ್ಲಿ ಬು ಎರ್ತೆ ಎದ್ದು ನಿಂತು ಸಭೆ ಕರೆದರು. ಮುಂದಿನ ವರ್ಷ ಗಲ್ಲಿಯವರೆಲ್ಲ ಅದೇ ಹೋಟೆಲಿಗೆ ಹೋಗುವುದೆಂದೂ, ಏಳನೇ ಮಹಡಿಯನ್ನು ಪೂರ್ತಿ ಹಿಡಿಯುವುದೆಂದೂ, ಇಷ್ಟು ದಿನ ಯಾರಿಗೂ ಸುಳಿವು ಸಿಗದಂತೆ ಪ್ರವಾಸ ಏರ್ಪಡಿಸಿದ ವುಲಾನ್ ಅವರೇ ಸಮಿತಿಗೆ ಅಧ್ಯಕ್ಷೆಯೆಂದೂ ತೀರ್ಮಾನವಾಯಿತು. ವಿರೋಧಿಸಿ ಎತ್ತಿದ ಕೈ ನನ್ನದೊಂದೇ. ಅದನ್ನು ಒಪ್ಪಿಗೆ ಎಂದು ಎಣಿಸಿಕೊಂಡರು. ಈಗಾಗಲೇ ನಮ್ಮ ಜಗಲಿಯ ಮೇಲೆ ಯಾರು ಯಾವ ಪೊಟ್ಟಣ ಹೊರಬೇಕೆಂಬ ಮಾತುಕತೆ ನಡೆಯುತ್ತಿದೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಹೋಗಿ ನೋಡಿದರೆ ನನ್ನ ಗಂಡ, ಸೀಟು ಹೊಲಿಯುವ ಬಿಳಿ ರೆಕ್ಸಿನ್ನನ್ನು ಉದ್ದಕ್ಕೆ ಸುತ್ತಿ ತಲೆಗೆ ಟೋಪಿ ಮಾಡಿಕೊಂಡು, ಒಲೆಯ ಮುಂದೆ ನಿಂತಿದ್ದಾರೆ. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿದೆ. ನನ್ನನ್ನು ನೋಡಿ ಬಾಗಿದರು.

“ಮೇಡಂ, ನಿಮ್ಮ ಮೊಟ್ಟೆ ಹೇಗಿರಲಿ?”

ಎದೆ ತುಂಬಿ ಬಂತು. ಉಸಿರೆಳೆದುಕೊಂಡೆ. ಬಾಯಿ ತೆರೆದೆ.

“ಈರುಳ್ಳಿ ಇರಲಿ, ಹಸಿಮೆಣಸು ಬೇಡ!” ಎಂದಿತು ಬೇಲಿಯಾಚೆಯಿಂದ ಬು ಎರ್ತೆಯ ದನಿ.

“ಅಂಚು ಗರಿಗರಿ!” ಎಂದಿತು ಎದುರುಮನೆ.

“ನಡುವೆ ಮೆತ್ತಗೆ ಬಿಡಪ್ಪಾ!” ಎಂದಿತು ಅದರಾಚೆಯದು.

ಸ್ವಲ್ಪ ಹೊತ್ತಾದ ಮೇಲೆ, ಗಲ್ಲಿಯ ಮೂಲೆಯಿಂದ, ತೆಳ್ಳಗೆ, ಆದರೆ ಸ್ಪಷ್ಟವಾಗಿ, ಬು ಪೊನಿರಾ ಅವರ ದನಿ ಕೇಳಿಸಿತು:

“ಉಪ್ಪು ಸ್ವಲ್ಪ ಜಾಸ್ತಿ ಹಾಕೋ!”